ಏಳನೆಯ ಗಿಡುಗದ ಸವಾರ

ಇತ್ತೋ ಇರಲಿಲ್ಲವೋ, ಕಂಡವರು ಯಾರೂ ಉಳಿದಿಲ್ಲ. ಬೆಟ್ಟಗಳಿಗೆ ಇನ್ನೂ ಹೆಸರು ಬೀಳದ ಕಾಲದಲ್ಲಿ ಬಂಡೆಯ ನೆತ್ತಿಯ ಮೇಲೊಂದು ಊರಿತ್ತಂತೆ. ಊರಿಗೆಲ್ಲ ಒಂದೇ ಬಾವಿ. ಆ ಬಾವಿಯೊಳಗೆ ಒಬ್ಬ ರಕ್ಕಸ ಬಂದು ಕೂತ. ನೀರಿಗೆಂದು ಹಗ್ಗ ಇಳಿಬಿಟ್ಟ ಹೆಂಗಸರಿಗೆ ತುಂಬಿದ ಕೊಡದ ಬದಲು ಅವರವರ ಗಂಡಂದಿರ ತಲೆ ಕಟ್ಟಿ ಮೇಲೆ ಕಳಿಸುತ್ತಿದ್ದ. ಬಾವಿಕಟ್ಟೆ ಕೆಂಪಾಯಿತು, ಊರು ಬತ್ತಿತು. ಆಗ ಏಳು ಗಂಡುಮಕ್ಕಳ ಒಬ್ಬ ವಿಧವೆ ಗಿಡುಗಗಳ ಗೂಡಿಗೆ ಹತ್ತಿ, ತನ್ನ ತೊಡೆಯ ಮಾಂಸವನ್ನೇ ಕೊಯ್ದು ಕೊಯ್ದು ತಿನ್ನಿಸಿ ಏಳು ಮರಿಗಳನ್ನು ಸಾಕಿದಳು. ಮರಿಗಳು ಕುದುರೆಗಿಂತ ದೊಡ್ಡವಾದವು. ಮಕ್ಕಳು ಜೀನು ಬಿಗಿದು ಹತ್ತಿದರು. ಒಂದು ಗಿಡುಗ ರಕ್ಕಸನ ಎಡಗಣ್ಣು ಕಿತ್ತಿತು, ಅದರ ಸವಾರ ಸತ್ತ. ಇನ್ನೊಂದು ಬಲಗಣ್ಣು ಕಿತ್ತಿತು, ಅದರ ಸವಾರನೂ ಸತ್ತ. ನಾಲಿಗೆ, ಕರುಳು, ಪಿತ್ತ, ಗುಂಡಿಗೆ. ಒಂದೊಂದಕ್ಕೆ ಒಬ್ಬೊಬ್ಬ ಮಗ ಹೋದ.

ಏಳನೆಯವನು ಏನಾದ ಎಂದು ಕೇಳಿದರೆ ಅಜ್ಜಿ ಬೇಳೆ ಆರಿಸುತ್ತಲೇ ಒಂದೊಂದು ದಿನ ಒಂದೊಂದು ಹೇಳುತ್ತಿದ್ದಳು. ಒಂದು ದಿನ ಗೆದ್ದ, ಒಂದು ದಿನ ಬಾವಿಗೆ ಬಿದ್ದ, ಮತ್ತೊಂದು ದಿನ ತಾನೇ ರಕ್ಕಸನಾದ.

"ನಿನ್ನೆ ಬೇರೆ ಥರ ಹೇಳಿದ್ದೆ ಅಜ್ಜೀ."

"ನಿನ್ನೆ ಬೇಳೇಲಿ ಕಲ್ಲು ಕಮ್ಮಿ ಇತ್ತು, ಕಂದಾ."

ಅಪ್ಪ ಅಮ್ಮ ಇಬ್ಬರೂ ಮರಳುಗಾಡಿನ ಹೆದ್ದಾರಿಯಲ್ಲಿ ಒಂದೇ ಲಾರಿಗೆ ಸಿಕ್ಕು ಹೋದ ಮೇಲೆ ನಮ್ಮನ್ನು ಸಾಕಿದ್ದು ಈ ಅಜ್ಜಿ. ದೊಡ್ಡಣ್ಣ ಹಮ್ದಾನ್ ಬಸ್ಸು ಓಡಿಸುತ್ತಿದ್ದ. ಚಿಕ್ಕಣ್ಣ ಲೈತ್ ಏನೂ ಓಡಿಸುತ್ತಿರಲಿಲ್ಲ. ನಾನು ವಸ್ಮಾ, ಕರಕ್ ಊರಿನ ಕೋಟೆಗೋಡೆಯ ಕೆಳಗಿನ ಮನೆಯ ಕಿಟಕಿಯಲ್ಲಿ ಕೂತು ಗೊಂಬೆಗಳಿಗೆ ಬಣ್ಣ ಹಚ್ಚುತ್ತಿದ್ದೆ.

ಆ ಗೊಂಬೆಗಳನ್ನು ಮಾಡುತ್ತಿದ್ದವನು ಸಾಹಿರ್. ಲೈತ್‌ನ ಶಾಲೆಯ ಗೆಳೆಯ, ಎದುರು ಓಣಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ಅಂಟಿನಂಥ ದ್ರವದಿಂದ ಪದರ ಪದರವಾಗಿ ಗೊಂಬೆ ಬೆಳೆಸುವ ಯಂತ್ರವೊಂದನ್ನು ಇಟ್ಟುಕೊಂಡಿದ್ದ. ಅಜ್ಜಿಯ ಕಥೆಯನ್ನು ನನ್ನ ಬಾಯಿಂದ ಕೇಳಿ, ಅಂಗೈಯಗಲದ ಗಿಡುಗಗಳನ್ನೂ ಅವರೆಕಾಳಿನಷ್ಟು ದೊಡ್ಡ ಸವಾರರನ್ನೂ ಕಂಪ್ಯೂಟರಿನಲ್ಲಿ ಕೆತ್ತಿ ಯಂತ್ರದಿಂದ ಇಳಿಸಿದ. ಲೈತ್‌ಗೆ ರಕ್ಕಸನ ಸೈನ್ಯ, ಸಾಹಿರ್‌ಗೆ ಗಿಡುಗಗಳು. ಶುಕ್ರವಾರದ ನಮಾಜು ಮುಗಿದ ಮೇಲೆ ದಾಳ ಉರುಳಿಸಿ, ಅಳತೆಪಟ್ಟಿ ಹಿಡಿದು, ಮೇಜಿನ ಮೇಲೆ ಯುದ್ಧ. ಅವರದೊಂದೇ ಕಟ್ಟುನಿಟ್ಟಿನ ನಿಯಮ: ಬಣ್ಣ ಹಚ್ಚದ ಬೋಳು ಗೊಂಬೆ ಕಣಕ್ಕೆ ಇಳಿಯುವಂತಿಲ್ಲ.

ಆರು ಗಿಡುಗಗಳಿಗೆ ನಾನು ಬಣ್ಣ ಹಚ್ಚಿದ್ದೆ. ಏಳನೆಯದಕ್ಕೆ ಕಪ್ಪು ತಳಬಣ್ಣವಷ್ಟೇ ಆಗಿತ್ತು. ಅದನ್ನು ಹಾಗೇ ಅಂಗಡಿಯಲ್ಲಿಟ್ಟುಕೊಂಡಿದ್ದ ಸಾಹಿರ್ ಒಂದು ಶುಕ್ರವಾರ ಮೇಜಿಗಿಳಿಸಿದ. ಅಜ್ಜಿ ಕೊಟ್ಟ ಝಾತರ್ ಸೊಪ್ಪಿನ ರೊಟ್ಟಿಯ ಡಬ್ಬಿ ಹಿಡಿದು ನಾನು ಬಾಗಿಲಲ್ಲಿ ನಿಂತಿದ್ದೆ.

"ಏಯ್, ಬೋಳು ಹಕ್ಕಿ ಅದು! ತೆಗಿ ಮೇಜಿಂದ," ಅಂದ ಲೈತ್. ಅವನ ಕೈಯಲ್ಲಿ ಪೆನ್ನಿನಷ್ಟು ಸಣ್ಣ ಚಾಕು. ರಕ್ಕಸರ ಅಂಚು ಹೆರೆಯುತ್ತಾ ಆಡುವುದು ಅವನ ಅಭ್ಯಾಸ.

"ಕಪ್ಪಗಿದೆಯಲ್ಲೋ. ಕಪ್ಪೇನು ಬಣ್ಣ ಅಲ್ವಾ?"

"ಅದು ತಳಬಣ್ಣ. ಬೇಕಾದ್ರೆ ನನ್ನ ತಂಗೀನ ಕೇಳು. ವಸ್ಮಾ, ಹೇಳೇ."

"ತಳಬಣ್ಣಾನೇ," ಅಂದೆ. "ಆದ್ರೆ ಹೋಗ್ಲಿ ಬಿಡೋ, ಪಾಪ, ಹಾರ್ಲಿ."

"ಕೇಳಿದ್ಯಾ? ನಿಮ್ಮನೆ ನ್ಯಾಯಾಧೀಶರೇ ಬಿಟ್ರು," ಎಂದು ಸಾಹಿರ್ ದಾಳ ಉರುಳಿಸಿದ. ಏಳನೆಯ ಗಿಡುಗ ರಕ್ಕಸರ ದೊರೆಯ ಮೇಲೆ ಎರಗಿತು. ದಾಳ ಎರಡು ಸಲ ಅವನ ಪರವಾಗಿಯೇ ಬಿತ್ತು. ದೊರೆ ಉರುಳಿದ. ಸಾಹಿರ್ ಅದನ್ನು ಬೆರಳಿನಿಂದ ಅಂಗಾತ ತಿರುಗಿಸಿ ನಕ್ಕ. "ನೋಡೋ ಲೈತ್, ಹೆಂಗೆ ಬಿದ್ದವ್ನೆ! ಥೇಟ್ ನಿಮ್ಮಪ್ಪ ಲಾರಿ ಕೆಳಗೆ ಬಿದ್ದಿದ್ದ ಹಾಗೆ."

ಅವನಿಗೂ ಅದು ಬಾಯಿಂದ ಜಾರಿದ ಮೇಲೆಯೇ ತಿಳಿದದ್ದು. ನಗು ಅರ್ಧಕ್ಕೆ ನಿಂತಿತು. "ಲೇ, ಬೇಜಾರಾಗ್ಬೇಡ್ವೋ, ತಮಾಷೆಗೆ..."

ಲೈತ್ ಗಿಡುಗವನ್ನು ಎತ್ತಿ ನೆಲಕ್ಕೆ ಹೊಡೆದ. ಸವಾರ ಜೀನಿನಿಂದ ಕಿತ್ತುಬಂದು ಮೇಜಿನಡಿಗೆ ಉರುಳಿದ. ಸಾಹಿರ್ "ಅಯ್ಯೋ" ಎನ್ನುತ್ತಾ ಬಗ್ಗಿ, ಒಂದು ಕೈಯಲ್ಲಿ ಗಿಡುಗವನ್ನು ಎತ್ತಿಕೊಂಡು, ಇನ್ನೊಂದು ಕೈಯಿಂದ ಸವಾರನನ್ನು ಹುಡುಕಿದ. ಅವನ ಹೆಡಕು ನನ್ನ ಅಣ್ಣನ ಮುಂದಿತ್ತು. ಕೂದಲು ಮುಗಿದು ಚರ್ಮ ಶುರುವಾಗುವಲ್ಲಿ, ಕೊಂಚ ಎಡಕ್ಕೆ, ಆ ಸಣ್ಣ ಚಾಕು ಹಿಡಿಯವರೆಗೂ ಹೋಯಿತು.

ಸಾಹಿರ್ ಕೂಗಲಿಲ್ಲ. ಗಂಟಲಿನಲ್ಲಿ ಹುಕ್ಕಾ ಗುಳುಗುಳಿಸಿದಂಥ ಸದ್ದು ಬಂತು. ಲೈತ್ ಚಾಕುವನ್ನು ಎಳೆದ, ಎಳೆಯಬಾರದಿತ್ತು. ರಕ್ತ ಮೊದಲು ಗೋಡೆಗೆ ಹಾರಿತು, ಆಮೇಲೆ ಮೇಜಿನ ಕಾಲಿಗೆ, ಆಮೇಲೆ ಅವನು ಎದೆಗವಚಿಕೊಂಡಿದ್ದ ಗಿಡುಗದ ಮೇಲೆ ಸುರಿಯುತ್ತಲೇ ಇತ್ತು. ರೊಟ್ಟಿಯ ಡಬ್ಬಿ ನನ್ನ ಕೈಯಿಂದ ಬಿತ್ತು. ನಾನು ಮುಸುಕು ಕಿತ್ತು ಅವನ ಕತ್ತಿಗೆ ಒತ್ತಿದೆ. ಬೆರಳುಗಳ ಸಂದಿಯಿಂದ ಬಿಸಿಬಿಸಿಯಾಗಿ ಅವನು ಹರಿದುಹೋದ. ಲೈತ್ ಗೋಡೆಗೊರಗಿ ಕೂತು, "ನಮ್ಮಪ್ಪನ್ನ ಅಂದ, ನಮ್ಮಪ್ಪನ್ನ ಅಂದ," ಎನ್ನುತ್ತಿದ್ದ.

ಪೊಲೀಸರು ಲೈತ್‌ನನ್ನು ಕರೆದೊಯ್ದರು. ಕೋರ್ಟು ತನ್ನ ದಾರಿಯಲ್ಲಿ ಹೋಗುತ್ತದೆ. ನಮ್ಮ ಕಡೆ ರಕ್ತದ ಮಾತು ಹಿರಿಯರದು. ಎರಡೂ ಕುಲಕ್ಕೆ ಬೇಕಾದ ಹಾಜಿ ಮಿತ್ಕಾಲ್ ಅವತ್ತು ಸಂಜೆಯೊಳಗೆ ಬಂದು, ಒಳಗೂ ಬರದೆ ಹೊಸ್ತಿಲಲ್ಲೇ ನಿಂತು ಹೇಳಿದರು: "ಹೊರಡಿ. ಇದು ರಕ್ತ ಕುದಿಯೋ ಹೊತ್ತು. ಈ ದಿನಗಳಲ್ಲಿ ಅವ್ರೇನು ಮಾಡಿದ್ರೂ ನಾನು ಕೇಳೋ ಹಾಗಿಲ್ಲ, ನೀವೂ ಕೇಳೋ ಹಾಗಿಲ್ಲ."

"ಎಲ್ಲಿಗೆ ಹೋಗ್ಲಿ ಹಾಜೀ, ಈ ಮಂಡಿ ಇಟ್ಕೊಂಡು?" ಅಂದಳು ಅಜ್ಜಿ.

"ಮಂಡಿ ಬಿಟ್ಟು ಹೋದ್ರೂ ಪರ್ವಾಗಿಲ್ಲ ತಾಯಿ, ಹಮ್ದಾನನ ಕತ್ತು ತಗೊಂಡ್ಹೋಗು. ಲೈತ್ ಜೈಲಲ್ಲಿ ಸಿಕ್ಕಲ್ಲ. ಅವ್ರಿಗೆ ಬೇಕಾಗಿರೋದು ನಿಮ್ಮನೇಲಿ ಉಳಿದಿರೋ ಒಳ್ಳೇ ಗಂಡಸು."

ಪಿಕಪ್ ಗಾಡಿಯ ಹಿಂದೆ ಹಾಸಿಗೆಗಳ ನಡುವೆ ಕೂತು ನಾವು ಇಳಿಜಾರು ದಾಟುವಾಗಲೇ ಹೊಗೆ ಎದ್ದಿತು. ಸಾಹಿರ್‌ನ ಕಡೆಯ ಗಂಡಸರು ನಮ್ಮ ಮೇಕೆಗಳ ಗೋಣು ಕೊಯ್ದು ಬಾಗಿಲಿಗೆ ತೂಗುಹಾಕಿದರು, ಒಲಿವ್ ಮರಗಳನ್ನು ಗರಗಸದಿಂದ ಕತ್ತರಿಸಿದರು, ಆಮೇಲೆ ಮನೆಗೆ ಬೆಂಕಿ ಕೊಟ್ಟರು. ನನ್ನ ಬಣ್ಣದ ಶೀಶೆಗಳು ಕಿಟಕಿಯಲ್ಲಿ ಒಂದೊಂದಾಗಿ ಸಿಡಿದವೆಂದು ಆಮೇಲೆ ನೆರೆಯವಳು ಫೋನಿನಲ್ಲಿ ಹೇಳಿದಳು. ಉಳಿದದ್ದು ಗಂಟಿನ ಕೂದಲಿಗೆ ಸಿಕ್ಕಿಸಿಕೊಂಡಿದ್ದ ಒಂದು ಕುಂಚ. ಕೆಲಸ ಮಾಡುವಾಗ ಅಲ್ಲಿಟ್ಟು ಮರೆಯುವುದು ನನ್ನ ಚಾಳಿ.

ಮಫ್ರಕ್ ಪಟ್ಟಣದ ಆಚೆ, ಗಾಳಿಗೆ ತಗಡು ಬಡಿದುಕೊಳ್ಳುವ ಬಾಡಿಗೆ ಮನೆ. ನಮ್ಮ ಜೊತೆ ಚಿಕ್ಕಪ್ಪ ಜದಾನ್ ಬಂದ. ಅಪ್ಪನ ತಮ್ಮ, ಅಜ್ಜಿಯ ಮಗ, ನಮ್ಮ ಕಡೆಯ ದೊಡ್ಡ ಬಾಯಿ. ಹಿರಿಯರೆದುರು ಅವನು ಒಂದೇ ಮಾತು ಹೇಳಿದ್ದ: "ಜಗಳ ಆಯ್ತು, ಆ ಹುಡುಗ ಮೈಮೇಲೆ ಬಿದ್ದ, ಚಾಕು ತಾನಾಗೇ ಚುಚ್ಕೊಂತು. ಎದುರಾಬದುರು." ಎದುರಿನಿಂದ ಆದ ಸಾವು ಜಗಳದ ಸಾವು, ಅದಕ್ಕೆ ಸಂಧಾನವಿದೆ. ಬಗ್ಗಿದವನ ಹಿಂದಿನಿಂದ ಹೊಡೆದದ್ದು ದ್ರೋಹ. ಅದನ್ನು ಒಪ್ಪಿಕೊಂಡ ಮನೆಗೆ ಹೆಣ್ಣು ಕೊಡುವವರಿಲ್ಲ, ತರುವವರಿಲ್ಲ. ಆದರೆ ಒಪ್ಪಿಕೊಳ್ಳದೆ ಸಂಧಾನ ಮುಂದೆ ಸರಿಯುವುದೂ ಇಲ್ಲ. ಸಾಹಿರ್‌ನ ಕಡೆಯವರು ಅವನ ಮೈ ತೊಳೆದಿದ್ದರು. ಗಾಯ ಎಲ್ಲಿತ್ತೆಂದು ಅವರಿಗೆ ಗೊತ್ತಿತ್ತು. ನಮ್ಮ ಬಾಯಿಂದ ಬರಬೇಕೆಂದು ಕಾಯುತ್ತಿದ್ದರು.

ಹಿರಿಯರು ಬಕ್ರೀದಿನವರೆಗೆ ಕದನ ತಡೆದಿದ್ದರು. ಆದರೂ ಕುದಿ ಆರದ ಯಾರೋ ಝರ್ಕಾದ ಬಸ್ ನಿಲ್ದಾಣದಲ್ಲಿ ಹಮ್ದಾನನಿಗೆ ಗುಂಡು ಹಾರಿಸಿದರು. ಅದು ಅವನ ಬಲಗಿವಿಯ ಅರ್ಧ ಹೊತ್ತುಕೊಂಡು ಹೋಯಿತು. ಅಜ್ಜಿ ಗಾಯಕ್ಕೆ ಸುಟ್ಟ ಬಟ್ಟೆಯ ಬೂದಿ ತುಂಬುತ್ತಾ, "ಇನ್ಮೇಲೆ ನೀನು ನಂಗೆ ಅರ್ಧಾನೇ ಎದುರುತ್ತರ ಕೊಡ್ಬೇಕು, ಅರ್ಧ ಕೇಳಿಸಲ್ವಲ್ಲ," ಅಂದಳು. ಹಮ್ದಾನ್ ನಗುತ್ತಾ ಅಳುತ್ತಾ ಅವಳ ಮಡಿಲಲ್ಲಿ ತಲೆ ಇಟ್ಟ. ಬಕ್ರೀದ್ ಕಳೆದ ಮೇಲೆ ಗುಂಡು ಕಿವಿ ಹುಡುಕಿಕೊಂಡು ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಹಬ್ಬಕ್ಕೆ ಸ್ವಲ್ಪ ಮುಂಚೆ ಹಾಜಿ ಮಿತ್ಕಾಲ್ ಬಂದರು. ಈ ಸಲ ಒಳಗೆ ಬಂದು ಕೂತರು, ಹಿಡಿದ ಕೆಲಸ ತೀರುವವರೆಗೆ ಈ ಮನೆಯ ನೀರೂ ಮುಟ್ಟುವುದಿಲ್ಲವೆಂದರು.

"ಸಾಹಿರ್‌ನ ತಾಯಿ ಹೇಳಿ ಕಳಿಸವಳೆ," ಅಂದರು. "ಮಗನ ಏಳನೇ ಹಕ್ಕಿ ಅವಳತ್ರ ಐತಂತೆ. ತಗೊಂಡು ತಾನೇ ಇಲ್ಲಿಗೆ ಬರ್ತಾಳಂತೆ. ಈ ಹುಡುಗಿ ಅವಳ ಕಣ್ಣೆದುರು ಅದಕ್ಕೆ ಬಣ್ಣ ಹಚ್ಬೇಕು. ಸವಾರನ ಮೈಮೇಲೆ ಮಗನಿಗಾದ ಗಾಯ ಇರ್ಬೇಕು, ಆದ ಜಾಗದಲ್ಲೇ. ನೋಡಿದ ಮೇಲೆ ತನ್ನ ಗಂಡಸರಿಗೆ ಹೇಳ್ತಾಳಂತೆ, ಹಮ್ದಾನನ ಕತ್ತು ಅವನದಾ ಅವರದಾ ಅಂತ."

"ಗೊಂಬೆ ಆಟ ಆಡೋಕೆ ಬರ್ತಾಳಾ?" ಎಂದು ಚಿಕ್ಕಪ್ಪ ಗುಡುಗಿದ.

"ಜದಾನ್, ಅವಳ ಮಾತಿಗೆ ಅವಳ ಮೈದುನಂದಿರೆಲ್ಲ ತಲೆ ಬಾಗಿಸವ್ರೆ. ನೀನು ಬೇಡ ಅಂದ್ರೆ ಬೇಡ. ಹಬ್ಬ ಆದ್ಮೇಲೆ ನಾನು ಮನೇಲಿರ್ತೀನಿ, ನೀವು ಹಮ್ದಾನನ ಮಣ್ಣಿಗೆ ಹೇಳಿ ಕಳಿಸಿ."

ನಾನು ಪರದೆಯ ಹಿಂದಿನಿಂದಲೇ ಹೇಳಿದೆ: "ಮಾಡ್ತೀನಿ ಹಾಜಿ. ಮಾತು ಕೊಟ್ಟೆ ಅಂತ ಹೇಳಿ ಅವರಿಗೆ."

ಹಾಜಿ ಹೋದ ಮೇಲೆ ಚಿಕ್ಕಪ್ಪ ನನ್ನ ಬಲಗೈಯನ್ನು ಹಿಡಿದು ಒಲೆಯ ಕಬ್ಬಿಣದ ಅಂಚಿನ ಮೇಲೆ, ಮುಟ್ಟೀಮುಟ್ಟದ ಹಾಗೆ, ತಂದಿಟ್ಟ. ಕೂದಲು ಸುಟ್ಟ ವಾಸನೆ ಬಂತು. "ಎದೆ ಮೇಲೆ ಹಚ್ಚು. ಮುಂದಿನ ಕಡೆ. ಅರ್ಥ ಆಯ್ತಾ? ಹಿಂದಕ್ಕೆ ಒಂದು ಚುಕ್ಕಿ ಬಿದ್ರೂ ಈ ಕೈ ನಿಂದಲ್ಲ." ಹಮ್ದಾನ್ ಎದ್ದು ಬಂದು ಅವನನ್ನು ಗೋಡೆಗೆ ನೂಕಿದ. "ಕತ್ತು ನಂದು, ಕಿರುಚೋದು ನೀನಾ?" ಇಬ್ಬರೂ ಕೊರಳಪಟ್ಟಿ ಹಿಡಿದುಕೊಂಡರು. ಅಜ್ಜಿ ಕಸಪೊರಕೆಯಿಂದ ಇಬ್ಬರಿಗೂ ಸಮನಾಗಿ ಬಾರಿಸಿದಳು.

ನಿಜ ಹೇಳುತ್ತೇನೆ, ಆ ತಾಯಿ ಬರುವ ಮುಂಜಾನೆಯವರೆಗೂ ಚಿಕ್ಕಪ್ಪ ಹೇಳಿದ ಹಾಗೆ ಮಾಡುವುದೆಂದೇ ನಾನಿದ್ದೆ. ಎದೆಯ ಮೇಲೆ ಒಂದು ಕೆಂಪು ಗೆರೆ ಎಳೆಯಲು ಎಷ್ಟು ಹೊತ್ತು? ಅವಳು ನಂಬಬಹುದು ಎಂದು ಕನಸು ಕಂಡಿದ್ದೆ. ಕನಸು ಕಾಣುವುದರಲ್ಲಿ ನಾನು ಯಾವಾಗಲೂ ಮುಂದು.

ಸಾಹಿರ್‌ನ ತಾಯಿ, ಊರಿನ ಬಾಯಲ್ಲಿ ಉಮ್ ಸಾಹಿರ್, ಬೆಳಿಗ್ಗೆಯೇ ಬಂದಳು, ಹಾಜಿಯ ಕಾರಿನಲ್ಲಿ. ತೆಳ್ಳಗೆ, ಎತ್ತರಕ್ಕೆ, ಮೊಳೆ ಹೊಡೆದಂತೆ ನಿಂತಳು. ಯಾರಿಗೂ ಸಲಾಂ ಹೇಳಲಿಲ್ಲ. ಕಿಟಕಿಯ ಹತ್ತಿರ ನನ್ನ ಎದುರು ಚಕ್ಕಳಮಕ್ಕಳ ಹಾಕಿ ಕೂತು, ಮಗನ ಅಂಗಡಿಯಿಂದ ತಂದ ಬಣ್ಣ, ವಾರ್ನಿಷ್, ಅಂಟುಗಳ ಪೆಟ್ಟಿಗೆ ಮುಂದಿಟ್ಟು ಕರವಸ್ತ್ರ ಬಿಚ್ಚಿದಳು. ಹಾಜಿ ಬಾಗಿಲ ಹತ್ತಿರ. ಚಿಕ್ಕಪ್ಪ ನನ್ನ ಬೆನ್ನ ಹಿಂದೆ. ಹಮ್ದಾನ್ ಪರದೆಯಾಚೆ, ಅವಳ ಕಣ್ಣಿಗೆ ಬೀಳಬಾರದು. ಅಜ್ಜಿ ಮೂಲೆಯಲ್ಲಿ ಕಾಫಿಬೀಜ ಕುಟ್ಟುವ ಮರದ ಒರಳನ್ನು ತೊಡೆಯ ನಡುವೆ ಇಟ್ಟುಕೊಂಡು ಕೂತಿದ್ದಳು.

ಗಿಡುಗದ ರೆಕ್ಕೆಗಳ ಕಪ್ಪು ಈಗ ಕಪ್ಪಾಗಿರಲಿಲ್ಲ. ಗರಿಗಳ ನಡುವಿನ ಗೆರೆಗಳಲ್ಲೆಲ್ಲ ಕಂದು ಹೆಪ್ಪುಗಟ್ಟಿತ್ತು. ಸವಾರನ ಮುಖದ ಮೇಲೂ.

"ಆಸ್ಪತ್ರೇಲಿ ನಾನೇ ಬಿಡಿಸ್ಕೊಂಡಿದ್ದು," ಅಂದಳು. "ಎರಡೂ ಮುಷ್ಟಿ ಬಿಗಿ ಹಿಡಿದಿದ್ದ, ಒಂದ್ರಲ್ಲಿ ಹಕ್ಕಿ, ಒಂದ್ರಲ್ಲಿ ಸವಾರ. ಒಂದೊಂದೇ ಬೆರಳು ಬಿಡಿಸ್ದೆ. ಹಚ್ಚು."

"ಮೊದ್ಲು ತೊಳೀಬೇಕು, ಖಾಲಾ. ಇಲ್ದಿದ್ರೆ ಬಣ್ಣ ನಿಲ್ಲಲ್ಲ."

"ನಾನು ನಿಂಗೆ ಖಾಲಾ ಅಲ್ಲ. ತೊಳೀಬೇಡ."

ನೆತ್ತರಿನ ಮೇಲೆ ಬಣ್ಣ ಸಿಪ್ಪೆಯೇಳುತ್ತದೆ. ಮೊದಲು ವಾರ್ನಿಷ್ ಸವರಿ ಅದನ್ನು ಒಳಗೇ ಬಂಧಿಸಬೇಕು. ಹೆಪ್ಪು ಎಷ್ಟು ಗಟ್ಟಿಯಿದೆ ನೋಡೋಣವೆಂದು ಒದ್ದೆ ಕುಂಚವನ್ನು ರೆಕ್ಕೆಯ ಬುಡದಲ್ಲಿ ಎರಡು ಸಲ ಎಳೆದೆ. ಗೆರೆಯೊಳಗಿನ ಕಂದು ಕರಗಿ ಕೆಂಪಾಯಿತು. ಕುಂಚದ ತುದಿ ಚದುರಿತು. ಚದುರಿದ ತುದಿಯನ್ನು ಕಂಡರೆ ನಮ್ಮ ಕೆಲಸದವರ ಕೈ ಕೇಳುವುದಿಲ್ಲ. ತುದಿ ಸೂಜಿಯಾಗಬೇಕು, ಅದಕ್ಕೆ ತುಟಿಯೇ ಸಾಣೆ. ಯೋಚನೆಯೇ ಇಲ್ಲದೆ ಕುಂಚವನ್ನು ತುಟಿಗಿಟ್ಟು ನಾಲಿಗೆಯಲ್ಲಿ ತಿರುಗಿಸಿದೆ.

ಉಪ್ಪು. ತುಕ್ಕು ಹಿಡಿದ ಕಬ್ಬಿಣ.

ಉಮ್ ಸಾಹಿರ್‌ಳ ಕಣ್ಣು ನನ್ನ ತುಟಿಯ ಮೇಲೆ ನಿಂತಿತು. ಉಗುಳಲು ನಾನು ಪಕ್ಕಕ್ಕೆ ತಿರುಗಿದೆ.

"ಉಗುಳ್ಬೇಡ!"

ಅವಳ ಕೈ ಹಾರಿಬಂದು ನನ್ನ ದವಡೆಯನ್ನು ಹಿಡಿಯಿತು. ಉಗುರುಗಳು ಕೆನ್ನೆಗೆ ಇಳಿದವು. ಇನ್ನೊಂದು ಕೈ ಕಪಾಳಕ್ಕೆ ಬಿತ್ತು, ಒಂದು, ಮತ್ತೊಂದು. ಕಿವಿಯಲ್ಲಿ ಜೀರುಂಡೆ ಕೂಗಿತು. ಹಾಜಿ ಎದ್ದರು, ಅವಳು ಅವರತ್ತ ತಿರುಗಿಯೂ ನೋಡಲಿಲ್ಲ.

"ನನ್ನ ಮಗನ್ನ ನೆಲಕ್ಕೆ ಉಗುಳ್ಬೇಡ. ನುಂಗು."

ನುಂಗಿದೆ.

"ಈಗ ಹೇಳು. ಅದೇ ನಾಲಿಗೇಲಿ ಹೇಳು. ನಿನ್ನ ಅಣ್ಣಂಗೆ ನನ್ನ ಮಗ ಎದುರಾಗಿದ್ನಾ?"

"ಹೂಂ ಅನ್ನು," ಅಂದ ಚಿಕ್ಕಪ್ಪ ಹಿಂದಿನಿಂದ, ಹಲ್ಲುಗಳ ನಡುವೆ.

ನನ್ನ ನಾಲಿಗೆ ಇನ್ನೂ ಉಪ್ಪಾಗಿತ್ತು. ಆ ರುಚಿಯ ಮೇಲೆ ಬೇರೆ ಮಾತು ಕೂರಲಿಲ್ಲ. "ಬಗ್ಗಿದ್ದ," ಅಂದೆ. "ಸವಾರನ್ನ ಹುಡುಕ್ತಿದ್ದ, ಮೇಜಿನ ಕೆಳಗೆ. ನೋಡ್ಲೇ ಇಲ್ಲ. ಹಿಂದಿನಿಂದ ಹೊಡೆದ."

ಚಿಕ್ಕಪ್ಪ ನನ್ನ ಮೇಲೆ ಬಿದ್ದ. ಮುಂಗೈಯನ್ನು ನೆಲಕ್ಕೆ ಅದುಮಿ, ತೋರುಬೆರಳನ್ನು ಹಿಂದಕ್ಕೆ ಮಡಚಿದ. ಒಣ ಕಡ್ಡಿ ಮುರಿದ ಸದ್ದು ಮೊದಲು ಕೇಳಿತು, ನೋವು ಆಮೇಲೆ ಬಂತು. ನಾನು ಕಿರುಚಿದೆ. ಅವನು ಮುಂದಿನ ಬೆರಳಿಗೆ ಕೈ ಹಾಕುವಷ್ಟರಲ್ಲಿ ಅಜ್ಜಿ, ಮಂಡಿ ಇಲ್ಲದ ನನ್ನ ಅಜ್ಜಿ, ಎದ್ದು ನಿಂತಿದ್ದಳು. ಕಾಫಿ ಕುಟ್ಟುವ ಒನಕೆಯನ್ನು ಎರಡೂ ಕೈಯಿಂದ ತಲೆಯ ಮೇಲೆತ್ತಿ ಅವನ ಮೊಣಕೈಗೆ ಇಳಿಸಿದಳು. ಮೂಳೆ ಚಟ್ಟೆಂದಿತು. ಅವನು ಉರುಳಿದ. ಅವಳು ಇನ್ನೊಂದು ಇಳಿಸಿದಳು, ಭುಜಕ್ಕೆ.

"ನನ್ನ ಎದೆಹಾಲು ಕುಡಿದ ಬಾಯಲ್ಲಿ ಸುಳ್ಳು ಹೇಳ್ತೀಯಾ? ನನ್ನ ಮೊಮ್ಮಗಳ ಕೈ ಮುರೀತೀಯಾ? ಏಳೋ, ಇನ್ನೊಂದು ಕೈನೂ ಕೊಡು!"

"ಯಮ್ಮಾ, ಬಿಡು, ಸತ್ತೋಗ್ತೀನಿ!"

"ಸಾಯಿ. ಕಾಫಿಗಾದ್ರೂ ಬೀಜ ಉಳಿಯುತ್ತೆ."

ಹಾಜಿ ತಮ್ಮ ಮೇಲಂಗಿಯನ್ನು ಕಳಚಿ ನನ್ನ ಮೇಲೆ ಹೊದಿಸಿದರು. "ಈ ಹುಡುಗಿ ಈಗ ನನ್ನ ರಕ್ಷಣೇಲಿದಾಳೆ. ಜದಾನ್, ಇವಳನ್ನು ಮುಟ್ಟಿದ್ರೆ ನನ್ನ ಕುಲಕ್ಕೇ ಕೈ ಹಾಕಿದ ಹಾಗೆ." ಚಿಕ್ಕಪ್ಪ ಮೊಣಕೈ ಅವುಚಿಕೊಂಡು ಗೋಡೆಯ ಬುಡದಲ್ಲಿ ಮುಲುಗಿದ. ಪರದೆ ಸರಿಯಿತು, ಹಮ್ದಾನ್ ಅರ್ಧ ಕಿವಿಯ ತಲೆಯೊಂದಿಗೆ ಹೊರಬಂದು, ಸಾಹಿರ್‌ನ ತಾಯಿಯ ಮುಂದೆ ಮಂಡಿಯೂರಿದ. ಅವಳು ಅವನ ಕತ್ತನ್ನು ಬಹಳ ಹೊತ್ತು ನೋಡಿದಳು.

"ಮಾತು ಮುಗೀತು," ಅಂದಳು ಅವಳು, ನನ್ನತ್ತ. "ಕೆಲಸ ಮುಗೀಲಿಲ್ಲ. ಹಚ್ಚು."

ಅಜ್ಜಿ ತನ್ನ ಮುಸುಕಿನ ಅಂಚು ಹರಿದು, ಮುರಿದ ಬೆರಳನ್ನು ಪಕ್ಕದ ಬೆರಳಿಗೆ ಸೇರಿಸಿ ಬಿಗಿದಳು. ಕುಂಚವನ್ನು ಹೆಬ್ಬೆರಳು ಮತ್ತು ಉಂಗುರಬೆರಳಿನ ನಡುವೆ ಹಿಡಿದೆ. ಪ್ರತಿ ಎಳೆತಕ್ಕೂ ನೋವು ಮೊಣಕೈವರೆಗೆ ಓಡುತ್ತಿತ್ತು. ಮೊದಲು ವಾರ್ನಿಷ್. ಅದು ಗರಿಗಳ ಗೆರೆಗೆ ಇಳಿದು ಸಾಹಿರ್‌ನನ್ನು ಅಲ್ಲಿಯೇ ಮುಚ್ಚಿತು. ಒಣಗಲು ಕಾದೆವು. ತಗಡು ಬಡಿದುಕೊಳ್ಳುತ್ತಿತ್ತು. ಆಮೇಲೆ ಸುಟ್ಟ ಮಣ್ಣಿನ ಬಣ್ಣವನ್ನು ನೀರಿನಷ್ಟು ತೆಳುವಾಗಿಸಿ ರೆಕ್ಕೆಗಳಿಗೆ ಹರಿಬಿಟ್ಟೆ. ಆಮೇಲೆ ಒಣ ಕುಂಚದಲ್ಲಿ ಗೋಧಿಬಣ್ಣ ಹಿಡಿದು, ಬಟ್ಟೆಗೆ ಒರೆಸಿ ಒರೆಸಿ ಉಳಿದ ಚೂರನ್ನು ಗರಿಗಳ ಅಂಚಿಗೆ ಉಜ್ಜಿದೆ. ಗಿಡುಗ ಕತ್ತಲೆಯಿಂದ ಎದ್ದುಬಂದಂತೆ ಒಂದೊಂದೇ ಗರಿ ತೋರಿಸಿತು. ಕೊಕ್ಕಿಗೆ ಹಳದಿ, ಉಗುರಿಗೆ ಮೂಳೆಯ ಬಿಳಿ.

ಉಮ್ ಸಾಹಿರ್ ಒಮ್ಮೆ ಮಾತ್ರ ಬಾಯಿ ತೆರೆದಳು. "ಅವನಿಗೆ ಹಸಿರು ಅಂಗಿ ಇಷ್ಟ."

ಸವಾರನನ್ನು ಹಳೆಯ ಔಷಧಿ ಬಾಟಲಿಯ ಬಿರಡೆಗೆ ಚುಚ್ಚಿಟ್ಟು ಅಂಗಿಗೆ ಹಸಿರು ತುಂಬಿದೆ. ಮುಖಕ್ಕೆ ಗೋಧಿಬಣ್ಣ, ಹುಬ್ಬಿಗೆ ಕಪ್ಪು. ಕ್ಷಣ ಕೈ ನಿಂತಿತು. ಆಮೇಲೆ ಬಿರಡೆಯನ್ನು ತಿರುಗಿಸಿದೆ. ಎದೆ ಆಚೆ ಹೋಯಿತು, ಬೆನ್ನು ನನ್ನ ಮುಂದೆ ಬಂತು. ಕೆಂಪಿಗೆ ಒಂದು ಹನಿ ನೀಲಿ, ಒಂದು ಹನಿ ಕಪ್ಪು ಬೆರೆಸಿದೆ. ಒಳಗಿನ ರಕ್ತ ಹೊರಗಿನದಕ್ಕಿಂತ ಕಪ್ಪು. ಕೂದಲು ಮುಗಿದು ಚರ್ಮ ಶುರುವಾಗುವಲ್ಲಿ, ಕೊಂಚ ಎಡಕ್ಕೆ, ಇಟ್ಟೆ. ಅಲ್ಲಿಂದ ಕೆಳಕ್ಕೆ ಹಸಿರು ಅಂಗಿಯ ಮೇಲೆ ಹರಿಯಬಿಟ್ಟೆ. ತುದಿ ಚದುರಿತು. ಈ ಸಲ ತುಟಿಗಿಡಲಿಲ್ಲ, ಉಗುರಿಗೆ ಒರೆಸಿಕೊಂಡೆ.

ಅವಳು ಬಿರಡೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ತಿರುಗಿಸಿದಳು. ಹೆಬ್ಬೆರಳನ್ನು ಆ ಹಸಿ ಕೆಂಪಿನ ಹತ್ತಿರ ತಂದು, ತಾಗಿಸದೆ ಇಟ್ಟುಕೊಂಡಳು. ಅವಳ ಗಂಟಲಿನಿಂದ ಎಂಥದೋ ಸದ್ದು ಹೊರಟಿತು. ಆ ಅಂಗಡಿಯಲ್ಲಿ ನಾನು ಕೇಳಿದ್ದ ಸದ್ದಿಗಿಂತ ಅದು ಭಯಂಕರವಾಗಿತ್ತು, ಯಾಕೆಂದರೆ ಇದು ನಿಲ್ಲಲಿಲ್ಲ. ಮೈ ಮುದುಡಿ, ತಲೆಯನ್ನು ನೆಲಕ್ಕೆ ಬಡಿದುಕೊಂಡಳು. ಅಜ್ಜಿ ಹೋಗಿ ತನ್ನ ಅಂಗೈಯನ್ನು ನೆಲಕ್ಕೂ ಅವಳ ಹಣೆಗೂ ನಡುವೆ ಇಟ್ಟಳು. ಅವಳು ಆ ಅಂಗೈಯ ಮೇಲೆಯೇ ಬಡಿದುಕೊಂಡಳು, ಬಡಿದುಕೊಂಡಳು.

ಎದ್ದಾಗ ಮುಖ ಒಣಗಿತ್ತು. "ಹಾಜಿ, ನಮ್ಮ ಗಂಡಸರಿಗೆ ಹೇಳಿ. ಈ ಮನೆಯೋರು ಒಪ್ಕೊಂಡ್ರು. ದ್ರೋಹ ಅಂತಾನೇ ಒಪ್ಕೊಂಡ್ರು. ಇವನ ಕತ್ತು ಇವನಿಗೇ ಇರ್ಲಿ." ಹಮ್ದಾನ್ ಹಣೆಯನ್ನು ನೆಲಕ್ಕಿಟ್ಟ. ಅವಳು ಅವನನ್ನು ದಾಟಿ ನೋಡಿದಳು. "ಕರಕ್‌ಗೆ ಮಾತ್ರ ಕಾಲಿಡ್ಬಾರ್ದು. ನಾನು ಬದುಕಿರೋ ತನಕ ಇವರ ಒಲೆ ಹೊಗೆ ನನ್ನ ಕಣ್ಣಿಗೆ ಬೀಳ್ಬಾರ್ದು. ಬಿದ್ರೆ ನಾನೇ ಬರ್ತೀನಿ, ಚಾಕು ಹಿಡ್ಕೊಂಡು, ಎದುರಿನಿಂದಾನೇ ಬರ್ತೀನಿ."

"ಸರಿ ತಾಯಿ," ಅಂದಳು ಅಜ್ಜಿ. "ನ್ಯಾಯ."

ಚಿಕ್ಕಪ್ಪ ಗೋಡೆಯತ್ತ ಮುಖ ತಿರುಗಿಸಿದ. ಹಾಜಿ ಅವನನ್ನಲ್ಲ, ಅಜ್ಜಿಯನ್ನು ನೀರು ಕೇಳಿ ಕುಡಿದರು.

ಉಮ್ ಸಾಹಿರ್ ಬಿರಡೆಯನ್ನು ನನ್ನ ಮುಂದಿಟ್ಟಳು. "ಇನ್ನೇನು ಬಾಕಿ?"

"ಕೂರಿಸ್ಬೇಕು."

"ಕೂರ್ಸು."

ಸವಾರನನ್ನು ಬಿರಡೆಯಿಂದ ಬಿಡಿಸಿಕೊಂಡೆ. ಜೀನಿನ ಗುಳಿಗೆ ಒಂದು ಹನಿ ಅಂಟು ಬಿಟ್ಟೆ. ಮುರಿದ ಬೆರಳು ನಡುಗುತ್ತಿತ್ತು. ಅವಳು ಕೈ ಚಾಚಿ ನನ್ನ ಮುಂಗೈಯನ್ನು ಕೆಳಗಿನಿಂದ ಹಿಡಿದಳು, ಗಟ್ಟಿಯಾಗಿ, ಮೆತ್ತಗಲ್ಲ. ನಡುಕ ನಿಂತಿತು. ಏಳನೆಯ ಗಿಡುಗದ ಬೆನ್ನ ಮೇಲೆ ಸವಾರನನ್ನು ಇಟ್ಟು, ಅಂಟು ಹಿಡಿಯುವವರೆಗೆ ಇಬ್ಬರೂ ಹಾಗೆಯೇ ಒತ್ತಿ ಹಿಡಿದುಕೊಂಡಿದ್ದೆವು. ಆಮೇಲೆ ಕೈ ಬಿಟ್ಟೆವು. ಅವನು ಕೂತಿದ್ದ.